ಬಲೂನು ಯಾರ ಹೊಲದಲ್ಲಿ ಇಳಿದೀತು?

ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ತೂರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಈಗ ಯಂತ್ರ ಬಂದು ಅದು ಅಪರೂಪವಾಗಿದೆ. ನೋಡಿರದಿದ್ದರೆ ಮನೆಯ ಹಿರಿಯರನ್ನು ಕೇಳಿ. ತೂರುವವನು ಎತ್ತರದಲ್ಲಿ ನಿಂತು ಕಾಳು, ಹೊಟ್ಟು ಎರಡನ್ನೂ ಮೊರದಿಂದ ಒಟ್ಟಿಗೇ ಸುರಿಯುತ್ತಾನೆ. ಕಾಳು ಅವನ ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ನಾಲ್ಕು ಮಾರು ಆಚೆ. ಎರಡಕ್ಕೂ ಬೀಸಿದ ಗಾಳಿ ಒಂದೇ, ಬಿದ್ದ ಎತ್ತರವೂ ಒಂದೇ. ಹಾಗಿದ್ದರೆ ಹೊಟ್ಟು ಮಾತ್ರ ದೂರ ಹೋದದ್ದೇಕೆ? ಅದು ನಿಧಾನವಾಗಿ ಬಿದ್ದುದರಿಂದ ಗಾಳಿಯ ಕೈಯಲ್ಲಿ ಹೆಚ್ಚು ಹೊತ್ತು ಇತ್ತು, ಅಷ್ಟೇ.

ಸರಿದ ದೂರ ಎಂದರೆ ಗಾಳಿಯ ವೇಗವನ್ನು ಗಾಳಿಯಲ್ಲಿ ಕಳೆದ ಹೊತ್ತಿನಿಂದ ಗುಣಿಸಿದಾಗ ಬರುವ ಮೊತ್ತ. ಆಕಾಶಕ್ಕೆ ಬಿಟ್ಟ ಹವಾಮಾನ ಬಲೂನು ಎಲ್ಲಿ ಇಳಿಯುತ್ತದೆಂದು ಮೊದಲೇ ಹೇಳಲು ಬೇಕಾದ ಸೂತ್ರ ಇದೊಂದೇ. ತೆರೆಯ ಮೇಲೆ ಅರ್ಧ ಗಂಟೆಯಲ್ಲಿ ಇದರ ಲೆಕ್ಕವನ್ನು ಬಿಡಿಸಿ ತೋರಿಸುವುದು ಕಷ್ಟ. ಕಾಗದದ ಮೇಲಾದರೆ ನೀವು ಪೆನ್ಸಿಲ್ ಹಿಡಿದು ನನ್ನ ಜೊತೆ ಬರಬಹುದು.

ಹೈದರಾಬಾದಿನಿಂದ ಬರುವ ಅತಿಥಿಗಳು

ಮೊದಲು ಒಂದು ನಿಜ ಸಂಗತಿ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಯಂತ್ರ ಕಟ್ಟಿದ್ದ ದೊಡ್ಡ ಬಲೂನೊಂದು ಇಳಿದು ಊರವರನ್ನು ಬೆಚ್ಚಿಬೀಳಿಸಿತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಲ್ಲಿರುವ ತಮ್ಮ ಬಲೂನು ಕೇಂದ್ರದಿಂದ ಹಾರಿಸಿದ್ದು. ಈ ಸಂಸ್ಥೆಯನ್ನು 1945ರಲ್ಲಿ ಸ್ಥಾಪಿಸಿದ ಹೋಮಿ ಭಾಭಾ ಅವರು ಅದಕ್ಕೆ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ವಿಶ್ವಕಿರಣಗಳ ಅಧ್ಯಯನ ನಡೆಸಿದ್ದವರು. ಹೈದರಾಬಾದಿನ ಕೇಂದ್ರ 1969ರಿಂದ ಇದೆ. ಅಲ್ಲಿಂದ ಏರುವ ಪಾಲಿಥೀನ್ ಬಲೂನುಗಳು 30ರಿಂದ 42 ಕಿ.ಮೀ. ಎತ್ತರದಲ್ಲಿ ಕೆಲವು ಗಂಟೆಗಳ ಕಾಲ ತೇಲುತ್ತವೆ. ಕೆಲಸ ಮುಗಿದ ಮೇಲೆ ನೆಲದಿಂದ ರೇಡಿಯೋ ಆಜ್ಞೆ ಕೊಟ್ಟು ಉಪಕರಣಗಳನ್ನು ಬೇರ್ಪಡಿಸಿ ಬಣ್ಣದ ಪ್ಯಾರಾಚೂಟಿನಲ್ಲಿ ಇಳಿಸುತ್ತಾರೆ. ಅವು ಹೈದರಾಬಾದಿನಿಂದ 200ರಿಂದ 350 ಕಿ.ಮೀ. ದೂರದಲ್ಲಿ ಇಳಿಯಬಹುದೆಂದು ಮುಂಚಿತವಾಗಿಯೇ ಪ್ರಕಟಣೆ ಕೊಡುವುದು ವಾಡಿಕೆ.

ಈಗ ನಿಮ್ಮ ಭೂಪಟ ತೆರೆಯಿರಿ. ಹೈದರಾಬಾದಿನಿಂದ ನೇರ ರೇಖೆಯಲ್ಲಿ ಅಳೆದರೆ ಸಿಂದಗಿ ಸುಮಾರು 255, ಇಂಡಿ 280, ಮುದ್ದೇಬಿಹಾಳ 290, ಬಸವನ ಬಾಗೇವಾಡಿ 295 ಕಿ.ಮೀ. ದೂರದಲ್ಲಿವೆ. ವಿಜಯಪುರ ಜಿಲ್ಲೆಯ ಈ ನಾಲ್ಕೂ ಊರುಗಳು ಆ ಪಟ್ಟಿಯೊಳಗೇ ಬರುತ್ತವೆ. ಅಷ್ಟು ದೂರಕ್ಕೆ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ ನೆಲದ ಮೇಲೆ ಸುಮಾರು 5 ಕಿ.ಮೀ. ತಪ್ಪಿದಂತೆ. 13 ಡಿಗ್ರಿ ತಿರುಗಿದರೆ ಇಂಡಿಗೆ ಬರಬೇಕಾದದ್ದು ಬಾಗೇವಾಡಿಗೆ ಬಂದಿರುತ್ತದೆ.

ಚಿಕ್ಕ ಬಲೂನಿನ ಆಯುಷ್ಯ

ವಿದ್ಯಾರ್ಥಿಗಳು, ಹವ್ಯಾಸಿಗಳು ಹಾರಿಸುವ ಬಲೂನು ಇಷ್ಟು ದೊಡ್ಡದಲ್ಲ. ಲೇಟೆಕ್ಸ್ ರಬ್ಬರಿನ ಚೀಲಕ್ಕೆ ಹೀಲಿಯಂ ತುಂಬಿ, ಕೆಳಗೆ ಪ್ಯಾರಾಚೂಟು, ಅದರ ಕೆಳಗೆ ಉಷ್ಣಮಾಪಕ, ಕ್ಯಾಮೆರಾ, ಜಿಪಿಎಸ್ ಇರುವ ಥರ್ಮೋಕೋಲ್ ಪೆಟ್ಟಿಗೆ ಕಟ್ಟುತ್ತಾರೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ಇಂಥ ಹಗುರ ಬಲೂನುಗಳನ್ನು ಹಾರಿಸಿದ್ದಾರೆ.

ಈ ಬಲೂನು ಸೆಕೆಂಡಿಗೆ ಸುಮಾರು 5 ಮೀಟರಿನಂತೆ, ಅಂದರೆ ನಿಮಿಷಕ್ಕೆ 300 ಮೀಟರಿನಂತೆ ಏರುತ್ತದೆ. ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಚೀಲ ಹಿಗ್ಗುತ್ತದೆ. ನೆಲದಲ್ಲಿ 2 ಮೀಟರ್ ಅಗಲವಿದ್ದದ್ದು 30 ಕಿ.ಮೀ. ಎತ್ತರದಲ್ಲಿ 8 ಮೀಟರ್ ಆಗುತ್ತದೆ. ರಬ್ಬರು ಇನ್ನು ತಾಳದಾದಾಗ ಒಡೆಯುತ್ತದೆ. ಅಲ್ಲಿಂದ ಪ್ಯಾರಾಚೂಟಿನ ಪಯಣ.

ಇಲ್ಲೊಂದು ವಿಚಿತ್ರವಿದೆ. ನೆಲಕ್ಕೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿಯುವ ಪ್ಯಾರಾಚೂಟು 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ಬೀಳುತ್ತದೆ. ಅಲ್ಲಿನ ಗಾಳಿಯ ಸಾಂದ್ರತೆ ನೆಲದ ಗಾಳಿಯ 65ರಲ್ಲೊಂದು ಪಾಲು ಮಾತ್ರ. ಬಟ್ಟೆಗೆ ಹಿಡಿತ ಸಿಗುವುದಿಲ್ಲ. ಹೀಗಾಗಿ ಇಡೀ ಇಳಿತಕ್ಕೆ 42 ನಿಮಿಷ ಹಿಡಿದರೆ, ಅದರಲ್ಲಿ 24 ನಿಮಿಷ ಕೆಳಗಿನ 10 ಕಿ.ಮೀ. ದಾಟಲು ಬೇಕು. ಮೇಲೆ ಕಾಳಿನಂತೆ ಬೀಳುವುದು ಕೆಳಗೆ ಹೊಟ್ಟಿನಂತೆ ತೇಲುತ್ತದೆ.

ಗಾಳಿಯ ಮಜಲುಗಳು

ಹೊಲದಲ್ಲಿ ನಿಂತಾಗ ಮುಖಕ್ಕೆ ತಾಗುವ ಗಾಳಿಯೇ ಮೇಲೂ ಬೀಸುತ್ತಿರುತ್ತದೆಂದು ತಿಳಿಯಬೇಡಿ. ಗಾಳಿ ಬಹುಮಜಲಿನ ಕಟ್ಟಡವಿದ್ದಂತೆ. ಚಳಿಗಾಲದಲ್ಲಿ ನಮ್ಮ ಕಡೆ ನೆಲದ ಹತ್ತಿರ ಹಗುರವಾದ ಮೂಡಣ ಗಾಳಿ ಇದ್ದರೆ, ಮೇಲಿನ ಮಜಲುಗಳಲ್ಲಿ ಪಡುವಣ ಗಾಳಿ ಜೋರಾಗಿರುತ್ತದೆ. ಮಳೆಗಾಲದಲ್ಲಿ ಇದು ತಿರುವುಮುರುವು. ಕೆಳಗೆ ಮುಂಗಾರಿನ ಪಡುವಣ ಗಾಳಿ, ಬಹಳ ಮೇಲೆ ಗಂಟೆಗೆ 100 ಕಿ.ಮೀ. ಮೀರಬಲ್ಲ ಮೂಡಣ ಗಾಳಿಯ ಹೊಳೆ. ಈ ಹೊಳೆಯನ್ನು ಗುರುತಿಸಿ 1958ರಲ್ಲಿ ವಿವರಿಸಿದವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ.

ಯಾವ ಮಜಲಿನಲ್ಲಿ ಎಷ್ಟು ಗಾಳಿ ಎಂಬುದು ತಿಳಿಯುವುದೂ ಬಲೂನುಗಳಿಂದಲೇ. ಬೆಂಗಳೂರು, ಮಂಗಳೂರು, ಗೋವಾ, ಹೈದರಾಬಾದ್ ಮುಂತಾದ ಕಡೆ ಹವಾಮಾನ ಇಲಾಖೆ ಇದಕ್ಕಾಗಿಯೇ ಬಲೂನು ಬಿಡುತ್ತದೆ. ಜಗತ್ತಿನ ಕೇಂದ್ರಗಳೆಲ್ಲ ಅನುಸರಿಸುವ ವೇಳೆ ನಮ್ಮ ಗಡಿಯಾರದಲ್ಲಿ ಬೆಳಗಿನ 5:30 ಮತ್ತು ಸಂಜೆ 5:30. ಈ ಅಳತೆಗಳಿಂದ ಗಣಕಯಂತ್ರಗಳು ಮುಂದಿನ ದಿನಗಳ ಗಾಳಿಯನ್ನು ಲೆಕ್ಕ ಹಾಕುತ್ತವೆ.

ಪೆನ್ಸಿಲ್ ತೆಗೆದುಕೊಳ್ಳಿ

ಜನವರಿಯ ಒಂದು ಬೆಳಿಗ್ಗೆ ವಿಜಯಪುರದಿಂದ ನೀವು ಬಲೂನು ಬಿಡುತ್ತೀರೆಂದು ಭಾವಿಸೋಣ. ಗಾಳಿಯ ಅಂಕಿಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ದಿನದ ಅಂಕಿ ಬೇರೆಯಿದ್ದೀತು, ರೀತಿ ಇದೇ.

ಮೊದಲ 3 ಕಿ.ಮೀ. ಏರಲು 10 ನಿಮಿಷ. ಮೂಡಣ ಗಾಳಿ ಗಂಟೆಗೆ 12 ಕಿ.ಮೀ. ಬಲೂನು 2 ಕಿ.ಮೀ. ಪಶ್ಚಿಮಕ್ಕೆ ಸರಿಯಿತು.
3ರಿಂದ 9 ಕಿ.ಮೀ.ಗೆ 20 ನಿಮಿಷ. ಪಡುವಣ ಗಾಳಿ ಗಂಟೆಗೆ 36. ಪೂರ್ವಕ್ಕೆ 12 ಕಿ.ಮೀ.
9ರಿಂದ 15ಕ್ಕೆ 20 ನಿಮಿಷ. ಪಡುವಣ ಗಾಳಿ ಗಂಟೆಗೆ 72. ಪೂರ್ವಕ್ಕೆ 24.
15ರಿಂದ 21ಕ್ಕೆ 20 ನಿಮಿಷ. ಪಡುವಣ ಗಾಳಿ ಗಂಟೆಗೆ 24. ಪೂರ್ವಕ್ಕೆ 8.
21ರಿಂದ 30ಕ್ಕೆ 30 ನಿಮಿಷ. ಮೂಡಣ ಗಾಳಿ ಗಂಟೆಗೆ 20. ಪಶ್ಚಿಮಕ್ಕೆ 10.

ಕೂಡಿ ಕಳೆದರೆ, 100 ನಿಮಿಷಗಳ ನಂತರ ಬಲೂನು ಒಡೆಯುವಾಗ ಅದು ವಿಜಯಪುರದಿಂದ 32 ಕಿ.ಮೀ. ಪೂರ್ವದಲ್ಲಿರುತ್ತದೆ. ಇಳಿಯುವಾಗಲೂ ಇದೇ ಮಜಲುಗಳು, ಆದರೆ ಕಳೆಯುವ ಹೊತ್ತು ಬೇರೆ. ಮೇಲಿನಿಂದ ಕ್ರಮವಾಗಿ ಸುಮಾರು 5, 6, 9, 13, 9 ನಿಮಿಷ. ಅದರಿಂದ ಇನ್ನೂ 17 ಕಿ.ಮೀ. ಪೂರ್ವಕ್ಕೆ. ಒಟ್ಟು 49 ಕಿ.ಮೀ. ಸಿಂದಗಿ ಇರುವುದು ವಿಜಯಪುರದಿಂದ 55 ಕಿ.ಮೀ. ಪೂರ್ವಕ್ಕೆ, 10 ಕಿ.ಮೀ. ಉತ್ತರಕ್ಕೆ. ಅಂದರೆ ಪೆಟ್ಟಿಗೆ ಸಿಂದಗಿಯ ನೈರುತ್ಯಕ್ಕೆ, ಸುಮಾರು 12 ಕಿ.ಮೀ. ಹತ್ತಿರ ಇಳಿಯಬೇಕು.

ನಾಲ್ಕು ತಾಲ್ಲೂಕು, ಒಂದೇ ಬಲೂನು

ಸಿಂದಗಿಯ ರಸ್ತೆ ಹಿಡಿಯುವ ಮುಂಚೆ ಸ್ವಲ್ಪ ತಡೆಯಿರಿ. ಎಲ್ಲ ಮಜಲುಗಳ ಗಾಳಿಯೂ ಒಂದೇ ಸಮನೆ 45 ಡಿಗ್ರಿ ತಿರುಗಿತೆನ್ನಿ. ಬಲೂನಿನ ನಡೆ ಪೂರ್ವದ ಬದಲು ಈಶಾನ್ಯಕ್ಕಾದರೆ, ಅದೇ 49 ಕಿ.ಮೀ. ಪಯಣ ಮುಗಿಯುವುದು ಇಂಡಿಯ ಪೂರ್ವಕ್ಕೆ 10 ಕಿ.ಮೀ. ಆಸುಪಾಸಿನಲ್ಲಿ. ಆಗ್ನೇಯಕ್ಕಾದರೆ ಬಸವನ ಬಾಗೇವಾಡಿಯಿಂದ 9 ಕಿ.ಮೀ. ಆಚೆ.

ಇನ್ನು ಅನಿಲ ತುಸು ಕಡಿಮೆ ತುಂಬಿತೆನ್ನಿ. ಬಲೂನು ಸೆಕೆಂಡಿಗೆ 5ರ ಬದಲು 3.5 ಮೀಟರಿನಂತೆ ಏರುತ್ತದೆ. ಗಾಳಿಯಲ್ಲಿ ಕಳೆಯುವ ಹೊತ್ತು ಹೆಚ್ಚಾಗಿ, ಏರುವಾಗಿನ 32 ಕಿ.ಮೀ. 46 ಆಗುತ್ತದೆ, ಒಟ್ಟು 63. ಆಗ್ನೇಯದ ದಾರಿಯಲ್ಲಿ ಅಷ್ಟು ದೂರ ಹೋದರೆ ನೀವು ಮುದ್ದೇಬಿಹಾಳದ ಉತ್ತರಕ್ಕೆ 9–10 ಕಿ.ಮೀ. ದೂರದಲ್ಲಿ ಹುಡುಕಬೇಕು. ಸಿಲಿಂಡರಿನ ತಿರುಪನ್ನು ಸ್ವಲ್ಪ ಮೊದಲೇ ಮುಚ್ಚಿದ್ದಕ್ಕೆ ಒಂದು ತಾಲ್ಲೂಕಿನಷ್ಟು ವ್ಯತ್ಯಾಸ!

ಇನ್ನೂ ಒಂದು ಸೋಜಿಗ. ಬಲೂನು 30ರ ಬದಲು 27 ಕಿ.ಮೀ.ಯಲ್ಲೇ ಒಡೆದರೆ ಹತ್ತಿರ ಬೀಳುತ್ತದೆ ಎನಿಸುವುದಿಲ್ಲವೇ? ನಮ್ಮ ಲೆಕ್ಕದಲ್ಲಿ ಅದು ಸುಮಾರು 4 ಕಿ.ಮೀ. ಮುಂದೆ ಹೋಗಿ ಬೀಳುತ್ತದೆ. ಅತಿ ಎತ್ತರದ ಮೂಡಣ ಗಾಳಿ ಅದನ್ನು ಹಿಂದಕ್ಕೆ ತಳ್ಳಲು ಅವಕಾಶ ಸಿಗಲಿಲ್ಲ.

ಆದ್ದರಿಂದ ಒಳ್ಳೆಯ ಮುನ್ನುಡಿ ಎಂದರೆ ಭೂಪಟದ ಮೇಲೊಂದು ಚುಕ್ಕೆಯಲ್ಲ, ಒಂದು ವೃತ್ತ. ಎಲ್ಲಿ ಇಳಿಯುತ್ತದೆಂದು ಹೇಳುವವನು ತನ್ನ ಮಾತು ಎಷ್ಟು ತಪ್ಪಬಹುದೆಂದೂ ಹೇಳಬೇಕು. 10 ಕಿ.ಮೀ. ತ್ರಿಜ್ಯದ ವೃತ್ತ ಎಂದರೆ 314 ಚದರ ಕಿ.ಮೀ. ಅದರೊಳಗೆ ಹತ್ತಾರು ಹಳ್ಳಿ, ತೆನೆ ಹೊತ್ತ ಜೋಳ, ಲಿಂಬೆ ತೋಟ, ವಿದ್ಯುತ್ ತಂತಿಗಳಿರುತ್ತವೆ. ವೃತ್ತದ ಅಂಚು ಕೃಷ್ಣೆಯ ಹಿನ್ನೀರಿಗೋ ಭೀಮೆಯ ಪಾತ್ರಕ್ಕೋ ದೊಡ್ಡ ಊರಿಗೋ ತಾಗಿದರೆ ಆ ದಿನ ಬಲೂನು ಬಿಡದಿರುವುದೇ ಜಾಣತನ. ಲೆಕ್ಕ ಮೊದಲು ಮಾಡುವುದು ಇದಕ್ಕಾಗಿಯೇ. ವಿಮಾನಯಾನ ಅಧಿಕಾರಿಗಳ ಅನುಮತಿಯಿಲ್ಲದೆ, ಶಿಕ್ಷಕರ ನೆರವಿಲ್ಲದೆ ಯಾವ ದಿನವೂ ಬಿಡಬಾರದು.

ಕೊನೆಯ ಮೈಲಿ

ಹಾರಿದ ಮೇಲೆ ಜಿಪಿಎಸ್ ಮತ್ತು ರೇಡಿಯೋ ನಿಮ್ಮ ವೃತ್ತವನ್ನು ಕಿರಿದು ಮಾಡುತ್ತ ಬರುತ್ತವೆ. ಏರುವಾಗ ಬಲೂನು ಅನುಭವಿಸಿದ ಗಾಳಿಯನ್ನೇ ಇಳಿಯುವ ಲೆಕ್ಕಕ್ಕೆ ಬಳಸಿದರೆ ಅಂದಾಜು ಬಹಳ ಸುಧಾರಿಸುತ್ತದೆ. ಪೆಟ್ಟಿಗೆ ನೆಲಕ್ಕೆ ಸಮೀಪಿಸಿದಾಗ ಗುಡ್ಡ, ಮರಗಳ ಮರೆಯಾಗಿ ಸಂಕೇತ ನಿಲ್ಲುತ್ತದೆ. ಅದು 1 ಕಿ.ಮೀ. ಎತ್ತರದಲ್ಲಿ ನಿಂತಿತೆನ್ನಿ. ಇನ್ನು ಉಳಿದದ್ದು ಮೂರು ನಿಮಿಷ ಚಿಲ್ಲರೆ; ನಮ್ಮ ಹಗುರ ಮೂಡಣ ಗಾಳಿಯಲ್ಲಿ ಅದು ಒಂದು ಕಿ.ಮೀ.ಯೊಳಗೇ ಸರಿದಿರುತ್ತದೆ.

ಆ ಕೊನೆಯ ಕಿಲೋಮೀಟರಿನಲ್ಲಿ ಗಣಕಯಂತ್ರ ನೆರವಿಗೆ ಬರುವುದಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಿರುವವರು ಬರುತ್ತಾರೆ. ಅವರು ಪೆಟ್ಟಿಗೆಯನ್ನು ಬಾಂಬೆಂದು ಹೆದರಿ ಒಡೆದರೆ, ಕುತೂಹಲದಿಂದ ತಂತಿ ಕಿತ್ತರೆ, ತಿಂಗಳುಗಟ್ಟಲೆ ಸಿದ್ಧಪಡಿಸಿದ ಪ್ರಯೋಗ ಅಲ್ಲಿಗೆ ಮುಗಿಯಿತು. ಹೈದರಾಬಾದಿನ ಉಪಕರಣಗಳಲ್ಲಿ ಕೆಲವಕ್ಕೆ ಅಧಿಕ ವೋಲ್ಟೇಜಿನ ವಿದ್ಯುತ್ ಇರುವುದರಿಂದ ತೆರೆಯುವುದು ಅಪಾಯವೂ ಹೌದು. ಅದಕ್ಕೇ ಅವುಗಳ ಮೇಲೆ ವಿಳಾಸ, ದೂರವಾಣಿ ಸಂಖ್ಯೆ ಬರೆದಿರುತ್ತಾರೆ. ನಿಮ್ಮ ಪೆಟ್ಟಿಗೆಯ ಮೇಲೂ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಇದೇನು, ಯಾರದು, ಯಾರಿಗೆ ತಿಳಿಸಬೇಕು. ತೆಗೆದುಕೊಳ್ಳಲು ಹೋದಾಗ ಹೊಲದೊಡೆಯರ ಅಪ್ಪಣೆ ಕೇಳಿ ಬದುವಿನ ಮೇಲೆ ನಡೆಯಿರಿ. ಅವರಿಗೂ ಮನೆಯವರಿಗೂ ಮೇಲಿನಿಂದ ತೆಗೆದ ಚಿತ್ರ ತೋರಿಸಿ.

ಇಂಥ ಪೆಟ್ಟಿಗೆ ನಿಮ್ಮ ಊರಿನಲ್ಲೇ ಇಳಿದರೆ? ಮುಟ್ಟಬೇಡಿ, ಬೇರೆಯವರು ಮುಟ್ಟದಂತೆ ನೋಡಿಕೊಳ್ಳಿ, ಅದರ ಮೇಲಿನ ಸಂಖ್ಯೆಗೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಿ. ಓದಿದ ನೀವು ಅಲ್ಲಿದ್ದರೆ ಊರಿನ ಭಯ ಅರ್ಧ ಇಳಿಯುತ್ತದೆ.

ಕೊನೆಗೊಂದು ಮನೆಗೆಲಸ. ಇದೇ ಲೆಕ್ಕವನ್ನು ಜುಲೈ ತಿಂಗಳಿಗೆ ಮಾಡಿ. 6 ಕಿ.ಮೀ.ವರೆಗೆ ಪಡುವಣ ಗಾಳಿ ಗಂಟೆಗೆ 40, ಅಲ್ಲಿಂದ 21ರವರೆಗೆ ಮೂಡಣ ಗಾಳಿ ಗಂಟೆಗೆ 70, ಅದರ ಮೇಲೆ ಮೂಡಣ ಗಾಳಿ ಗಂಟೆಗೆ 30 ಎಂದಿಟ್ಟುಕೊಳ್ಳಿ. ವಿಜಯಪುರದಿಂದ ಬಿಟ್ಟ ಬಲೂನು ಈ ಬಾರಿ ಸಿಂದಗಿಯ ಕಡೆ ಹೋಗುವುದಿಲ್ಲ. ಅದು ಸಿಂದಗಿಯ ಸುತ್ತ ಇಳಿಯಬೇಕಾದರೆ ನೀವು ಎಲ್ಲಿಂದ ಬಿಡಬೇಕು? ಭೂಪಟದ ಮೇಲೆ ಗುರುತು ಮಾಡಿ, ಅದರ ಸುತ್ತ ನಿಮ್ಮ ವೃತ್ತವನ್ನೂ ಎಳೆಯಿರಿ.