ಮೆಟ್ಟಿಲಿಲ್ಲದ ಅಲೆ

ಡಿಜಿಟಲ್ ಸಂಗೀತವೆಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಸದ್ದು, ಗ್ರಾಮಫೋನ್ ತಟ್ಟೆಯದ್ದೇ ಅಖಂಡ ನಾದ ಎಂದು ವಾದಿಸುವವರು ಇಂದಿಗೂ ಸಿಗುತ್ತಾರೆ. ಸಿಡಿಯಲ್ಲಿರುವುದು ಬರೀ ಅಂಕಿಗಳು ಎಂಬುದೇನೋ ನಿಜ. ಒಂದೊಂದು ಚಾನೆಲ್‌ಗೂ ಸೆಕೆಂಡಿಗೆ 44,100 ಅಂಕಿ, ಪ್ರತಿಯೊಂದೂ 65,536 ಮಟ್ಟಗಳಲ್ಲಿ ಒಂದು, ಅಂದರೆ 16 ಬಿಟ್. ಆದರೆ ಸದ್ದಿನಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಇಮ್ಮಡಿಗಿಂತ ವೇಗವಾಗಿ ಅಳತೆ ತೆಗೆದಿದ್ದರೆ, ಆ ಮಿತಿಯೊಳಗೆ ಆ ಬಿಂದುಗಳನ್ನೆಲ್ಲ ಹಾಯ್ದುಹೋಗಬಲ್ಲ ಅಲೆ ಒಂದೇ ಒಂದು. ರಷ್ಯಾದ ಕೊಟೆಲ್ನಿಕೊವ್ 1933ರಲ್ಲೂ ಅಮೆರಿಕದ ಕ್ಲಾಡ್ ಶಾನನ್ 1949ರಲ್ಲೂ ಇದನ್ನು ಗಣಿತದಲ್ಲೇ ತೋರಿಸಿಕೊಟ್ಟರು. ಆ ಒಂದು ಅಲೆಯನ್ನು ಮತ್ತೆ ವಿದ್ಯುತ್ತಿನಲ್ಲಿ ಎಬ್ಬಿಸುವುದೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಅಂದರೆ ಡ್ಯಾಕ್‌ನ ಕೆಲಸ.

ಗಣಿತ ಸುಲಭ, ಕಷ್ಟವೆಲ್ಲ ವಸ್ತುವಿನಲ್ಲಿ. ಹಳೆಯ ವಿಧಾನದಲ್ಲಿ 16 ಬಿಟ್‌ಗಳಿಗೂ ಒಂದೊಂದು ವಿದ್ಯುತ್ ಪ್ರವಾಹ, ಹಿಂದಿನದಕ್ಕಿಂತ ಮುಂದಿನದು ಎರಡು ಪಟ್ಟು. ಅಂಕಿಗೆ ಬೇಕಾದವನ್ನಷ್ಟೇ ಕೂಡಿಸಿದರೆ ಆಯಿತು. ತಕ್ಕಡಿಯ ಬಟ್ಟುಗಳನ್ನು ನೆನೆಯಿರಿ: ಅತಿ ಸಣ್ಣ ಬಟ್ಟು 1 ಗ್ರಾಂ ಆದರೆ ಅತಿ ದೊಡ್ಡದು ಸುಮಾರು 33 ಕಿಲೋ. ಆ 33 ಕಿಲೋದಲ್ಲಿ ಒಂದು ಗ್ರಾಂ ತಪ್ಪಿದರೂ ಸಣ್ಣ ಬಟ್ಟು ಇದ್ದೂ ಇಲ್ಲದಂತೆ.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಫಿಲಿಪ್ಸ್ ಕೈಯಲ್ಲಿದ್ದದ್ದು 14 ಬಿಟ್‌ನ ಚಿಪ್. ಜೊತೆಗಾರ ಸೋನಿ ಪಟ್ಟು ಹಿಡಿದದ್ದು 16ಕ್ಕೆ. ಫಿಲಿಪ್ಸ್ ಎಂಜಿನಿಯರುಗಳು ಚಿಪ್ಪನ್ನು ಬಿಸಾಡಲಿಲ್ಲ. ಅಂಕಿಗಳ ನಡುವೆ ಲೆಕ್ಕ ಹಾಕಿ ಹೊಸ ಅಂಕಿ ತುಂಬಿ ವೇಗವನ್ನು ನಾಲ್ಕು ಪಟ್ಟು ಏರಿಸಿದರು; ಪ್ರತಿ ಸಲ ಉಳಿದ ಚಿಲ್ಲರೆ ತಪ್ಪನ್ನು ಮುಂದಿನ ಅಂಕಿಯ ಲೆಕ್ಕಕ್ಕೆ ಸೇರಿಸಿದರು. ಈ ತಪ್ಪಿನಿಂದ ಹುಟ್ಟುವ ಗೊರಗೊರ ಸದ್ದಿನ ಹೆಚ್ಚಿನ ಪಾಲು ಕಿವಿಗೆ ಕೇಳದ ಎತ್ತರಕ್ಕೆ ಸರಿಯಿತು. 14 ಬಿಟ್ ಚಿಪ್ಪು 16ರ ಕೆಲಸ ಮಾಡಿತು! ನನ್ನ ಮಟ್ಟಿಗೆ ಸಿಡಿ ಚರಿತ್ರೆಯಲ್ಲಿ ಇದಕ್ಕಿಂತ ಜಾಣತನದ ಪ್ರಸಂಗವಿಲ್ಲ. ಡೆಲ್ಟಾ-ಸಿಗ್ಮಾ ಎಂಬ ಬಗೆಯ ಇಂದಿನ ಬಹುಪಾಲು ಡ್ಯಾಕ್‌ಗಳು ಇದೇ ದಾರಿಯಲ್ಲಿ ಇನ್ನಷ್ಟು ದೂರ ಹೋದವು: ಬೆರಳೆಣಿಕೆಯ ಮಟ್ಟಗಳು, ಆದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಕೊನೆಗೊಂದು ಫಿಲ್ಟರ್ ಮೇಲಿನ ಗಲಾಟೆಯನ್ನೆಲ್ಲ ಸೋಸುತ್ತದೆ. ಮೆಟ್ಟಿಲುಗಳೂ ಅಲ್ಲೇ ಕರಗುತ್ತವೆ.

ಹಾಗಾದರೆ ಸ್ಟುಡಿಯೋದ ಡ್ಯಾಕ್‌ಗೆ ಅಷ್ಟು ಬೆಲೆ ಏಕೆ? ಮೊದಲನೆಯದು ಗಡಿಯಾರ. ಅಂಕಿ ಸರಿಯಿದ್ದರೂ ಹೊರಡುವ ಕ್ಷಣ ಹಿಂದುಮುಂದಾದರೆ ಅಲೆ ಸೊಟ್ಟಗಾಗುತ್ತದೆ. 20 ಕಿಲೋಹರ್ಟ್ಸ್‌ನ ಪೂರ್ಣ ಸದ್ದಿನಲ್ಲಿ 16 ಬಿಟ್‌ನ ನಿಖರತೆ ಉಳಿಯಲು ಈ ಅಲುಗಾಟ ಸುಮಾರು 120 ಪಿಕೋಸೆಕೆಂಡ್ ದಾಟಬಾರದು. ಹಲವು ಯಂತ್ರಗಳು ಒಟ್ಟಿಗೆ ನಡೆಯುವ ಸ್ಟುಡಿಯೋದಲ್ಲಿ ಎಲ್ಲವೂ ಒಂದೇ ಗಡಿಯಾರಕ್ಕೆ ತಾಳ ಹಾಕಬೇಕು. ಅದಕ್ಕೇ ವರ್ಡ್ ಕ್ಲಾಕ್ ಎಂಬ ಪ್ರತ್ಯೇಕ ಕೇಬಲ್. ಉಳಿದಂತೆ ಶುದ್ಧ ವಿದ್ಯುತ್ ಪೂರೈಕೆ, ಉದ್ದದ ಕೇಬಲ್‌ನಲ್ಲೂ ಹಮ್ ಹಿಡಿಯದ ಬ್ಯಾಲೆನ್ಸ್ಡ್ ಔಟ್‌ಪುಟ್.

24 ಬಿಟ್ ಎಂಬ ಜಾಹೀರಾತಿಗೆ ಮರುಳಾಗಬೇಡಿ. 2 ವೋಲ್ಟ್ ಔಟ್‌ಪುಟ್‌ನಲ್ಲಿ ಅದರ ಕೊನೆಯ ಬಿಟ್ ಎಂದರೆ ಒಂದು ಮೈಕ್ರೋವೋಲ್ಟ್‌ನ ಮೂರನೇ ಒಂದು ಭಾಗ. ರೆಸಿಸ್ಟರಿನ ಬಿಸುಪಿನಿಂದ ಹುಟ್ಟುವ ಸದ್ದೇ ಅದನ್ನು ನುಂಗುತ್ತದೆ. ಲೆಕ್ಕದಲ್ಲಿ ಅತಿ ಜೋರಿನ ಸದ್ದಿಗೂ ಗೊರಗೊರಕ್ಕೂ ನಡುವೆ 146 ಡೆಸಿಬಲ್ ಅಂತರ ಸಿಗಬೇಕು, ಒಳ್ಳೆಯ ಯಂತ್ರಗಳು ಮುಟ್ಟುವುದು 120-130. ಮನೆಯಲ್ಲಿ ಕೇಳುವವರಿಗೆ ಅದೂ ಹೆಚ್ಚೇ. ಹಣವಿದ್ದರೆ ಮೊದಲು ಒಳ್ಳೆಯ ಸ್ಪೀಕರ್ ಕೊಳ್ಳಿ, ಆಮೇಲೆ ಕೋಣೆಗೆ ದಪ್ಪ ಪರದೆ. ಡ್ಯಾಕ್ ವಿಚಾರ ಕೊನೆಗಿರಲಿ.