ಎಣ್ಣೆಯಲ್ಲಿ ಮುಳುಗಿದ ಕಾಗದ

ಓಲೆಗರಿಗಳೊಡನೆ ಬಹುಕಾಲ ಕಳೆದ ನಾನು ವಿದ್ಯುತ್ತಿನ ವಿಷಯ ಮಾತನಾಡಹೊರಟದ್ದು ಕೆಲವರಿಗೆ ಸೋಜಿಗವೆನಿಸೀತು. ಆದರೆ ಟ್ರಾನ್ಸ್‌ಫಾರ್ಮರಿನ ಒಡಲಲ್ಲಿ ತಾಮ್ರದ ಸುರುಳಿಗಳಿಗೆ ಸುತ್ತಿರುವುದು ಕಾಗದವೆಂದೂ ಆ ಕಾಗದ ಖನಿಜತೈಲದಲ್ಲಿ ಮುಳುಗಿರುವುದೆಂದೂ ತಿಳಿದ ಮೇಲೆ ಅದು ನನಗೆ ಪರಕೀಯವಾಗಿ ಉಳಿಯಲಿಲ್ಲ. ಗರಿಯಲ್ಲಿಯೂ ಕಾಗದದಲ್ಲಿಯೂ ಇರುವುದು ಸೆಲ್ಯುಲೋಸೇ. ಗರಿಗೆ ಎಣ್ಣೆ ಸವರಿ ಕಾಪಾಡಿದವರು ನಮ್ಮ ಹಿರಿಯರು.

ಎಣ್ಣೆಯೂ ಕಾಗದವೂ ಕೂಡಿ ವಿದ್ಯುತ್ತನ್ನು ಚೆನ್ನಾಗಿಯೇ ತಡೆಯುತ್ತವೆ. ನೀರಿನ ವಿಷಯದಲ್ಲಿ ಮಾತ್ರ ಇವುಗಳ ಸ್ವಭಾವ ತದ್ವಿರುದ್ಧ. ಎಣ್ಣೆ ನೀರನ್ನು ಒಲ್ಲದು. ಕಾಗದವೋ ಅದನ್ನು ಹೀರಿ ಬಚ್ಚಿಟ್ಟುಕೊಳ್ಳುತ್ತದೆ. ಒಳಸೇರಿದ ನೀರಿನಲ್ಲಿ ಬಹುಪಾಲು, ನೂರಕ್ಕೆ 99ರಷ್ಟು, ಕಾಗದದಲ್ಲಿಯೇ ಅಡಗಿರುತ್ತದೆ. ಯಂತ್ರ ಕಾದಾಗ ಒಂದಿಷ್ಟು ಎಣ್ಣೆಗಿಳಿಯುತ್ತದೆ, ತಣಿದಾಗ ಮೆಲ್ಲಗೆ ಹಿಂದಿರುಗುತ್ತದೆ. ಈ ಹಂಚಿಕೆಯ ನಕ್ಷೆಗಳನ್ನು ಫಾಬ್ರ್ ಮತ್ತು ಪಿಶೋನ್ ಎಂಬಿಬ್ಬರು 1960ರಲ್ಲಿಯೇ ಮುಂದಿಟ್ಟರು. ತಣ್ಣಗಿದ್ದಾಗ ತೆಗೆದ ಎಣ್ಣೆಯನ್ನಷ್ಟೆ ಪರೀಕ್ಷಿಸಿ, ಒಳಗೆಲ್ಲ ಒಣಗಿದೆಯೆಂದು ನಿಶ್ಚಿಂತರಾಗುವುದು ಸಲ್ಲದು.

ಹೊಸ ಕಾಗದವನ್ನು ನಿರ್ವಾತದಲ್ಲಿ ಕಾಯಿಸಿ, ತೇವ ಅದರ ತೂಕದ ಶೇಕಡ 0.5ರ ಆಸುಪಾಸಿಗೆ ಇಳಿಯುವಂತೆ ಒಣಗಿಸುತ್ತಾರೆ. ಅದು 3-4ಕ್ಕೆ ಏರಿತೆಂದರೆ ಅಪಾಯ. ಅಂಥ ಕಾಗದದ ಮೇಲೆ ಹೊರೆ ಹಠಾತ್ತಾಗಿ ಹೆಚ್ಚಿ ಸುರುಳಿ ಕಾದರೆ ನೀರು ಆವಿಯಾಗಿ ಎಣ್ಣೆಯಲ್ಲಿ ಗುಳ್ಳೆಗಳೇಳುತ್ತವೆ. ಗುಳ್ಳೆಗೆ ಎಣ್ಣೆಯ ತಡೆಯುವ ಶಕ್ತಿಯಿಲ್ಲ. ಕಿಡಿ ಹಾರುವುದು ಅಲ್ಲಿಯೇ.

ನನ್ನ ಮಟ್ಟಿಗೆ ಇದಕ್ಕಿಂತ ಘೋರವಾದದ್ದು ಸದ್ದಿಲ್ಲದ ಹಾನಿ. ನೀರು ಸೆಲ್ಯುಲೋಸಿನ ಸರಪಳಿಗಳನ್ನು ಕಡಿಯುತ್ತದೆ. ಕಾಗದ ಹಳತಾದಂತೆ ತಾನೇ ಮತ್ತಷ್ಟು ನೀರನ್ನು ಹುಟ್ಟಿಸುತ್ತದೆ. ಚಕ್ರಬಡ್ಡಿಯ ಸಾಲವಿದ್ದ ಹಾಗೆ! ಮೊದಲಿಗೆ 1000ದಷ್ಟು ಕೊಂಡಿಗಳಿದ್ದ ಸರಪಳಿ 200ಕ್ಕೆ ಕುಗ್ಗುವ ಹೊತ್ತಿಗೆ ಕಾಗದ ಹಪ್ಪಳದಂತೆ ಮುರಿಯುತ್ತದೆ. ಎಣ್ಣೆಯನ್ನು ಸೋಸಬಹುದು, ಬದಲಿಸಲೂಬಹುದು. ಸುರುಳಿಯನ್ನೇ ಬಿಚ್ಚದೆ ಕಾಗದವನ್ನು ಬದಲಿಸುವಂತಿಲ್ಲ. ಲಕ್ಷಗಟ್ಟಲೆ, ಕೋಟಿಗಟ್ಟಲೆ ಬೆಲೆಯ ಯಂತ್ರದ ಆಯುಸ್ಸೆಂದರೆ ಈ ಕಾಗದದ ಆಯುಸ್ಸೇ.

ನೀರು ಹೊರಗಿನಿಂದ ಬರುವ ದಾರಿಯೂ ಒಂದುಂಟು. ಕಾದಾಗ ಎಣ್ಣೆ ಹಿಗ್ಗಿ ಗಾಳಿಯನ್ನು ಹೊರದೂಡುತ್ತದೆ, ತಣಿದಾಗ ಒಳಗೆಳೆದುಕೊಳ್ಳುತ್ತದೆ. ಅದು ಯಂತ್ರದ ಉಸಿರು. ಆ ಉಸಿರು ಸಿಲಿಕಾ ಜೆಲ್ ಕಾಳುಗಳನ್ನು ತುಂಬಿದ ಗಾಜಿನ ಪಾತ್ರೆಯೊಂದನ್ನು ಹಾದು ಬರುತ್ತದೆ. ತೇವವನ್ನು ಹೀರಿದಂತೆ ನೀಲಿ ಕಾಳು ನಸುಗೆಂಪಾಗುತ್ತದೆ. ಕಾಯಿಸಿ ಒಣಗಿಸಿದರೆ ಮರಳಿ ನೀಲಿ. ಮಲೆನಾಡಿನ ಮಳೆಗಾಲದಲ್ಲಿ ಈ ಬಣ್ಣ ಬೇಗನೆ ಬದಲಾಗುತ್ತದೆ. ಅಲ್ಲಿ ಬೇಸಗೆಯ ಲೆಕ್ಕ ಹಿಡಿದು ಕಾಳು ಬದಲಿಸಿದರೆ ನಡೆಯದು.