ಸೆರೆಮನೆಗೂ ಸಂಸತ್ತಿಗೂ ನಡುವೆ ವಲಿ ಖಾನ್

‘ಗಡಿನಾಡ ಗಾಂಧಿ’ ಖಾನ್ ಅಬ್ದುಲ್ ಗಫಾರ್ ಖಾನರ ಹೆಸರನ್ನು ಕೇಳದ ಭಾರತೀಯರು ಕಡಿಮೆ. 1987ರಲ್ಲಿ ಭಾರತ ರತ್ನವೂ ಅವರಿಗೆ ಸಂದಿತು. ಆದರೆ ಅವರ ಮಗ ವಲಿ ಖಾನ್ ವಿಭಜನೆಯ ನಂತರ ಪಾಕಿಸ್ತಾನದ ರಾಜಕಾರಣದಲ್ಲಿ ಪಟ್ಟ ಪಾಡು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಪ್ರಭುತ್ವ ತನ್ನನ್ನು ಅನುಮಾನದಿಂದಲೇ ನೋಡುತ್ತಿದ್ದರೂ ಸಂವಿಧಾನದ ದಾರಿಯನ್ನೇ ಹಿಡಿದು ನಡೆಯಲು ಯತ್ನಿಸಿದ ಸಂಸದನೊಬ್ಬನ ಕಥೆ ಅದು.

ವಲಿ ಖಾನ್ ಹುಟ್ಟಿದ್ದು 1917ರಲ್ಲಿ, ಪೇಶಾವರಕ್ಕೆ ಸಮೀಪದ ಚಾರ್‌ಸದ್ದಾ ಪ್ರದೇಶದ ಉತ್ಮಾನ್‌ಜಾಯ್ ಗ್ರಾಮದಲ್ಲಿ. ತಂದೆ ಕಟ್ಟಿದ ಅಹಿಂಸಾ ಸಂಘಟನೆ ‘ಖುದಾಯಿ ಖಿದ್ಮತ್‌ಗಾರ್’ ಮನೆಯಂಗಳದಲ್ಲೇ ಬೆಳೆದದ್ದು. ದೊಡ್ಡಪ್ಪ ಡಾ. ಖಾನ್ ಸಾಹೇಬರು ವಾಯವ್ಯ ಗಡಿನಾಡು ಪ್ರಾಂತ್ಯದ ಕಾಂಗ್ರೆಸ್ ಸರ್ಕಾರದ ಮುಖ್ಯಸ್ಥರಾಗಿದ್ದರು. ಪಾಕಿಸ್ತಾನ ಹುಟ್ಟಿದ ಕೆಲವೇ ದಿನಗಳಲ್ಲಿ, 1947ರ ಆಗಸ್ಟ್ 22ರಂದು, ಆ ಸರ್ಕಾರವನ್ನು ವಜಾ ಮಾಡಲಾಯಿತು. ಮರುವರ್ಷ ತಂದೆಯೂ ಮಗನೂ ಸೆರೆಯಾದರು. ವಿಭಜನೆಯನ್ನು ವಿರೋಧಿಸಿದ ಕುಟುಂಬ ಎಂಬ ಹಣೆಪಟ್ಟಿ ಆಮೇಲೆ ಅಳಿಯಲೇ ಇಲ್ಲ. ವಲಿ ಖಾನ್ ಹೊರಬಂದದ್ದು 1953ರಲ್ಲಿ.

1957ರಲ್ಲಿ ಎಡಪಂಥೀಯರು ಮತ್ತು ಪ್ರಾಂತೀಯ ಸ್ವಾಯತ್ತತೆಯ ಪ್ರತಿಪಾದಕರು ಕೂಡಿ ನ್ಯಾಷನಲ್ ಅವಾಮಿ ಪಕ್ಷವನ್ನು ಕಟ್ಟಿದರು. ಹತ್ತು ವರ್ಷಗಳ ಬಳಿಕ ಅದು ಒಡೆದಾಗ ಒಂದು ಬಣದ ನಾಯಕತ್ವ ವಲಿ ಖಾನರ ಪಾಲಿಗೆ ಬಂತು. 1970ರ ಚುನಾವಣೆಯಲ್ಲಿ ಅವರು ರಾಷ್ಟ್ರೀಯ ಅಸೆಂಬ್ಲಿಗೆ ಆಯ್ಕೆಯಾದರು. ಬಹುಮತ ಪಡೆದಿದ್ದ ಪೂರ್ವ ಬಂಗಾಳದ ಶೇಖ್ ಮುಜೀಬರಿಗೆ ಅಧಿಕಾರ ಕೊಡಬೇಕೆಂದು ಪಶ್ಚಿಮ ಭಾಗದಿಂದ ದನಿ ಎತ್ತಿದ ಕೆಲವೇ ನಾಯಕರಲ್ಲಿ ಅವರೂ ಒಬ್ಬರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೇಶ ಒಡೆಯಿತು.

ಉಳಿದ ಪಾಕಿಸ್ತಾನದಲ್ಲಿ ಜುಲ್ಫಿಕರ್ ಅಲಿ ಭುಟ್ಟೊ ಅಧಿಕಾರಕ್ಕೆ ಬಂದರು, ವಲಿ ಖಾನ್ ವಿರೋಧ ಪಕ್ಷದ ನಾಯಕರಾದರು. 1972ರಲ್ಲಿ ಗಡಿನಾಡು ಪ್ರಾಂತ್ಯ ಮತ್ತು ಬಲೂಚಿಸ್ತಾನಗಳಲ್ಲಿ ಅವರ ಪಕ್ಷವಿದ್ದ ಸಮ್ಮಿಶ್ರ ಸರ್ಕಾರಗಳು ರಚನೆಯಾದವು. ಈ ಏರ್ಪಾಡು ವರ್ಷ ತುಂಬುವ ಮೊದಲೇ ಮುರಿದುಬಿತ್ತು. 1973ರ ಫೆಬ್ರುವರಿಯಲ್ಲಿ ಭುಟ್ಟೊ ಬಲೂಚಿಸ್ತಾನ ಸರ್ಕಾರವನ್ನು ವಜಾ ಮಾಡಿದರು. ಇದನ್ನು ಪ್ರತಿಭಟಿಸಿ ಗಡಿನಾಡಿನ ಸರ್ಕಾರ ರಾಜೀನಾಮೆ ಕೊಟ್ಟಿತು. ಮಾರ್ಚ್ 23ರಂದು ರಾವಲ್ಪಿಂಡಿಯ ಲಿಯಾಖತ್ ಬಾಗ್‌ನಲ್ಲಿ ವಿರೋಧ ಪಕ್ಷಗಳ ಸಭೆಯ ಮೇಲೆ ಗುಂಡು ಹಾರಿತು. ವಲಿ ಖಾನರ ಪಕ್ಷದ ಹಲವರು ಸತ್ತರು.

ಇದಾದ ಮೂರು ವಾರದೊಳಗೆ, ಏಪ್ರಿಲ್ 10ರಂದು, ಹೊಸ ಸಂವಿಧಾನ ಮತಕ್ಕೆ ಬಂತು. ಅಂಗೀಕಾರಕ್ಕೆ ಬೇಕಾದ ಸಂಖ್ಯಾಬಲ ಭುಟ್ಟೊ ಅವರಿಗಿತ್ತು. ಆದರೆ ಅವರಿಗೆ ಬೇಕಿದ್ದದ್ದು ಎಲ್ಲರ ಒಪ್ಪಿಗೆ. ಬಲೂಚಿಸ್ತಾನದ ಕೆಲವು ಸದಸ್ಯರು ದೂರ ಉಳಿದರೂ ವಲಿ ಖಾನ್ ಬೆಂಬಲ ಕೊಟ್ಟರು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ತಮ್ಮವರ ಶವ ಹೂಳಿ ಬಂದವರು ಕೊಟ್ಟ ಸಮ್ಮತಿ ಇದು. ಸಂಸದೀಯ ಪದ್ಧತಿಯೂ ಪ್ರಾಂತ್ಯಗಳಿಗೆ ಒಂದಿಷ್ಟು ಅಧಿಕಾರವೂ ಬರಹದಲ್ಲಿ ದೊರೆತರೆ ಮುಂದೆ ಅದರ ಆಧಾರದಲ್ಲಿ ಹೋರಾಡಬಹುದೆಂಬ ಲೆಕ್ಕಾಚಾರ ಅದರ ಹಿಂದಿತ್ತು.

ಲೆಕ್ಕಾಚಾರ ಅವರಿಗೇ ತಿರುಗುಬಾಣವಾಯಿತು. 1974ರಲ್ಲಿ ಅದೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ದೇಶದ ಅಖಂಡತೆಯ ಹೆಸರಿನಲ್ಲಿ ಪಕ್ಷಗಳನ್ನು ನಿಷೇಧಿಸುವ ಅವಕಾಶವನ್ನು ಸರ್ಕಾರ ಪಡೆಯಿತು. 1975ರ ಫೆಬ್ರುವರಿ 8ರಂದು ಭುಟ್ಟೊ ಅವರ ಆಪ್ತ ಹಯಾತ್ ಶೇರ್‌ಪಾವ್ ಪೇಶಾವರದಲ್ಲಿ ಬಾಂಬಿಗೆ ಬಲಿಯಾದರು. ಒಡನೆಯೇ ನ್ಯಾಷನಲ್ ಅವಾಮಿ ಪಕ್ಷಕ್ಕೆ ನಿಷೇಧ ಬಿತ್ತು, ವಲಿ ಖಾನ್ ಜೈಲು ಸೇರಿದರು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಸಿಂಧ್ ಪ್ರಾಂತ್ಯದ ಹೈದರಾಬಾದಿನ ಜೈಲಿನೊಳಗೆ ವಿಶೇಷ ನ್ಯಾಯಮಂಡಳಿಯ ಮುಂದೆ ದೇಶದ್ರೋಹದ ವಿಚಾರಣೆ ಆರಂಭವಾಯಿತು. ಮಗ ಅಸ್ಫಂದ್ಯಾರ್ ಕೂಡ ಜೈಲಿನಲ್ಲಿದ್ದರು.

ಗಂಡಸರೆಲ್ಲ ಒಳಗಿದ್ದಾಗ ಹೊರಗೆ ನಿಂತು ರಾಜಕೀಯ ನಡೆಸಿದವರು ಪತ್ನಿ ಬೇಗಂ ನಸೀಮ್. ಪರ್ದಾ ಪದ್ಧತಿ ಬಲವಾಗಿದ್ದ ಆ ಪ್ರಾಂತ್ಯದಲ್ಲಿ ಊರೂರು ತಿರುಗಿ ಭಾಷಣ ಮಾಡಿದರು. 1977ರಲ್ಲಿ ಸಾಮಾನ್ಯ ಕ್ಷೇತ್ರದಿಂದ ನೇರವಾಗಿ ಗೆದ್ದು, ಗಡಿನಾಡಿನ ಮಟ್ಟಿಗೆ ಹಾಗೆ ಗೆದ್ದ ಮೊದಲ ಮಹಿಳೆ ಎನಿಸಿದರು.

ಸೇನಾ ದಂಡನಾಯಕ ಜಿಯಾ ಉಲ್ ಹಕ್ ಭುಟ್ಟೊ ಅವರನ್ನು ಉರುಳಿಸಿದ ಮೇಲೆ ವಲಿ ಖಾನರ ಬಿಡುಗಡೆಯಾಯಿತು. ಇಲ್ಲಿ ಅವರ ನಡೆ ಟೀಕೆಗೆ ಹೊರತಲ್ಲ. ಭುಟ್ಟೊ ಆಡಳಿತದ ತಪ್ಪುಗಳ ವಿಚಾರಣೆ ಮೊದಲಾಗಲಿ, ಚುನಾವಣೆ ಆಮೇಲೆ ಎಂದವರಲ್ಲಿ ಅವರೂ ಇದ್ದರು. ಚುನಾವಣೆ ಮುಂದೂಡಲು ನೆಪ ಹುಡುಕುತ್ತಿದ್ದ ಜಿಯಾಗೆ ಇದು ಅನುಕೂಲವೇ ಆಯಿತು. ಅವರ ಆಳ್ವಿಕೆ ಹನ್ನೊಂದು ವರ್ಷ ನಡೆಯಿತು.

1986ರಲ್ಲಿ ವಲಿ ಖಾನ್ ಅವಾಮಿ ನ್ಯಾಷನಲ್ ಪಕ್ಷವನ್ನು ಸ್ಥಾಪಿಸಿದರು. 1988ರಲ್ಲಿ ಮತ್ತೆ ಸಂಸತ್ತಿಗೆ ಬಂದರು. 1990ರಲ್ಲಿ ತವರು ಚಾರ್‌ಸದ್ದಾದಲ್ಲೇ ಮೌಲಾನಾ ಹಸನ್ ಜಾನ್ ಅವರಿಗೆ ಸೋತಾಗ, ಹಿಂಬಾಗಿಲ ದಾರಿ ಹುಡುಕದೆ ಚುನಾವಣಾ ರಾಜಕೀಯದಿಂದ ಹಿಂದೆ ಸರಿದರು. 2006ರ ಜನವರಿ 26ರಂದು ನಿಧನರಾದರು.

ಮನೆತನದ ರಾಜಕಾರಣ ಅವರೊಂದಿಗೆ ಮುಗಿಯಲಿಲ್ಲ. ಪಕ್ಷ ಮಗನ ಕೈಗೆ ಬಂತು. 2024ರಲ್ಲಿ ಮೊಮ್ಮಗ ಐಮಲ್ ವಲಿ ಅಧ್ಯಕ್ಷರಾದರು. ಜನತಂತ್ರದ ಮಾತಾಡುವ ಪಕ್ಷ ಒಂದೇ ಮನೆಯ ಸ್ವತ್ತಾಗಬಹುದೆ ಎಂಬ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಆದರೆ 1973ರಲ್ಲಿ ಅವರು ಕೊಟ್ಟ ಸಮ್ಮತಿ ಸಂಪೂರ್ಣ ವ್ಯರ್ಥವಾಗಲಿಲ್ಲ. 2010ರಲ್ಲಿ ಅದೇ ಸಂವಿಧಾನದ ಹದಿನೆಂಟನೆಯ ತಿದ್ದುಪಡಿ ಪ್ರಾಂತ್ಯಗಳ ಅಧಿಕಾರವನ್ನು ಹೆಚ್ಚಿಸಿತು. ಬ್ರಿಟಿಷರಿಟ್ಟ ‘ವಾಯವ್ಯ ಗಡಿನಾಡು’ ಎಂಬ ಹೆಸರು ಹೋಗಿ, ಪಠಾಣರ ನಾಡಿಗೆ ‘ಖೈಬರ್ ಪಖ್ತೂನ್‌ಖ್ವಾ’ ಎಂಬ ಹೆಸರು ಬಂತು. ವಲಿ ಖಾನ್ ತೀರಿಕೊಂಡು ಆಗಲೇ ನಾಲ್ಕು ವರ್ಷಗಳಾಗಿದ್ದವು.